ಬೀಗದೊಳಗಿದ್ದ ಪನ್: ಟೈಲರ್ ಗುಪ್ತಲಿಪಿಯ ಪ್ರಕರಣ

ಈ ಪ್ರಕರಣದ ಕೊನೆಯಲ್ಲಿ ಒಂದು ಪನ್ ಇದೆ, ಅಂದರೆ ಒಂದೇ ದನಿಯಲ್ಲಿ ಎರಡರ್ಥ ಹೊರಡಿಸುವ ಜೋಕ್. ಕನ್ನಡಕ್ಕೆ ತಂದರೆ ಅದು ಸತ್ತೇ ಹೋಗುತ್ತದೆ. ಆದರೂ ಒಮ್ಮೆ ತಂದು ನೋಡೋಣ.

ಕಿಟಕಿ ಪಕ್ಕ ಇಬ್ಬರು ಪ್ರೇಮಿಗಳು ಕೂತಿದ್ದಾರೆ. ಅವಳ ಮುಖಕ್ಕೆ ಬಿಸಿಲು ಹೊಡೆಯುತ್ತಿದೆ. ಅವನು ಪರದೆ ಎಳೆಯಲು ದಡಕ್ಕನೆ ಎದ್ದ. ಅವಳು ಮೆಲ್ಲಗೆ ತಡೆದಳು. "ಬೇಡ ಚಾರ್ಲ್ಸ್, ಗಾಳಿಯೇ ಇಲ್ಲದೆ ಕೂರುವುದಕ್ಕಿಂತ ಒಂಚೂರು ಬಿಸಿಲೇ ವಾಸಿ."

ನಗು ಬರಲಿಲ್ಲ ಅಲ್ವಾ? ಬರುವುದಕ್ಕೆ ಇಲ್ಲೇನೂ ಇಲ್ಲ. ಈಗ ಅವಳು ಆಡಿದ ಹಾಗೇ ಕೇಳಿ: "ಎ ಲಿಟಲ್ ಸನ್ ದ್ಯಾನ್ ನೋ ಏರ್ ಅಟ್ ಆಲ್." ಸನ್ ಅಂದರೆ ಬಿಸಿಲು. ಸನ್ ಅಂದರೆ ಮಗ ಕೂಡ. ಏರ್ ಅಂದರೆ ಗಾಳಿ. ಸ್ಪೆಲಿಂಗ್ ಬದಲಾದರೆ ಅದೇ ಏರ್ ಆಸ್ತಿಗೆ ವಾರಸುದಾರ. ಬಿಸಿಲು, ಗಾಳಿ ಅಂತ ಹೇಳುತ್ತಲೇ ಹುಡುಗಿ "ವಾರಸುದಾರನೇ ಇಲ್ಲದಿರುವುದಕ್ಕಿಂತ ಒಂದು ಪುಟ್ಟ ಮಗ ಆಗಲಿ" ಅಂದುಬಿಟ್ಟಳು. ಅದೂ ಹಾಡುಹಗಲಿನಲ್ಲಿ, ಕಿಟಕಿ ತೆರೆದಿಟ್ಟುಕೊಂಡು.

ಈ ಒಂದು ಸಾಲು ಗುಪ್ತಲಿಪಿಯಲ್ಲಿ ಅಚ್ಚಾದದ್ದು 1841ರ ಡಿಸೆಂಬರ್‌ನಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅದನ್ನು ಓದಲು ಸಾಧ್ಯವಾದದ್ದು 2000ದಲ್ಲಿ. ನಡುವಿನ ಒಂದೂವರೆ ಶತಮಾನಕ್ಕೂ ಮಿಕ್ಕಿ ಅದು ಗ್ರಹಾಮ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯ ಪುಟದಲ್ಲಿ ಎಲ್ಲರ ಕಣ್ಣೆದುರೇ ಬಿದ್ದಿತ್ತು. ಅದನ್ನು ಅಲ್ಲಿ ಹಾಕಿದವನು ಎಡ್ಗರ್ ಆಲನ್ ಪೋ.

ಹಿನ್ನೆಲೆ

ಪೋ ಅಂದರೆ ನಮಗೆ ನೆನಪಾಗುವುದು ಭಯದ ಕಥೆಗಳು, ಸತ್ತ ಸುಂದರಿಯರು, ಕಾಗೆಯ ಪದ್ಯ. ಆದರೆ ಆ ಕಾಲದ ಫಿಲಡೆಲ್ಫಿಯಾದ ಓದುಗರಿಗೆ ಅವನು ಇನ್ನೊಂದು ಕಾರಣಕ್ಕೂ ಗೊತ್ತಿದ್ದ. ಅಲೆಕ್ಸಾಂಡರ್ಸ್ ವೀಕ್ಲಿ ಮೆಸೆಂಜರ್ ಎಂಬ ವಾರಪತ್ರಿಕೆಯಲ್ಲಿ 1839ರ ಡಿಸೆಂಬರ್‌ನಲ್ಲಿ ಅವನು ಒಂದು ಸವಾಲು ಹಾಕಿದ. ಅಕ್ಷರದ ಬದಲು ಯಾವ ಗುರುತು ಬೇಕಾದರೂ ಇಟ್ಟು ಗುಟ್ಟಾಗಿ ಬರೆದು ಕಳಿಸಿ, ನಾನು ಬಿಡಿಸುತ್ತೇನೆ ಅಂದ. ಕಾಗದಗಳು ಬರತೊಡಗಿದವು. ಅವನು ಬಿಡಿಸಿ ಉತ್ತರ ಅಚ್ಚು ಮಾಡುತ್ತಾ ಹೋದ. ಪತ್ರಿಕೆಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಬೇರೆ ಬೇಕೆ? ಓದುಗರೇ ಸರಕು ತಂದು ಕೊಡುತ್ತಾರೆ, ಓದುಗರೇ ಕೊಂಡುಕೊಳ್ಳುತ್ತಾರೆ.

1841ರಲ್ಲಿ ಅವನು ವರ್ಷಕ್ಕೆ 800 ಡಾಲರ್ ಸಂಬಳಕ್ಕೆ ಗ್ರಹಾಮ್ಸ್ ಮ್ಯಾಗಜೀನ್ ಸೇರಿದ. ಜುಲೈ ಸಂಚಿಕೆಯಲ್ಲಿ ಗುಟ್ಟು ಬರಹದ ಬಗ್ಗೆ ಒಂದು ಲೇಖನ ಬರೆದ. ಮನುಷ್ಯನ ಬುದ್ಧಿ ಕಟ್ಟಿದ ಯಾವ ಗುಪ್ತಲಿಪಿಯನ್ನೂ ಮನುಷ್ಯನ ಬುದ್ಧಿ ಬಿಡಿಸಲಾರದೆ ಹೋಗುವುದಿಲ್ಲ ಅನ್ನುವುದು ಅದರಲ್ಲಿನ ಅವನ ಹೆಮ್ಮೆಯ ಮಾತು. ಹಿಂದಿನ ಪತ್ರಿಕೆಗೆ ನೂರರ ಹತ್ತಿರ ಕಾಗದ ಬಂದಿದ್ದವು, ಒಂದು ಬಿಟ್ಟು ಎಲ್ಲ ಬಿಡಿಸಿದೆ, ಆ ಒಂದು ಬರೀ ಮೋಸ, ಅರ್ಥವಿಲ್ಲದ ಗುರುತುಗಳ ಗುಡ್ಡೆ ಎಂದೂ ಹೇಳಿಕೊಂಡ.

ಆ ಒಂದರ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಪೆನ್ಸಿಲ್ವೇನಿಯಾದ ಲೂಯಿಸ್‌ಟೌನ್‌ನಿಂದ ಜಿ. ಡಬ್ಲ್ಯು. ಕಲ್ಪ್ ಎಂಬಾತ 1840ರಲ್ಲಿ ಕಳಿಸಿದ್ದು ಅದು. ಮೋಸ ಅಲ್ಲವೇ ಅಲ್ಲ. 1970ರ ದಶಕದಲ್ಲಿ ಮಿಶಿಗನ್‌ನ ಆಲ್ಬಿಯನ್ ಕಾಲೇಜಿನ ಬ್ರಯನ್ ವಿಂಕೆಲ್ ಮತ್ತು ಅವರ ವಿದ್ಯಾರ್ಥಿ ಮಾರ್ಕ್ ಲಿಸ್ಟರ್ ಅದನ್ನು ಬಿಡಿಸಿದರು. ಅದು ಯಾವ ಅಕ್ಷರಕ್ಕೆ ಯಾವ ಗುರುತು ಅನ್ನುವ ಕೋಷ್ಟಕವೇ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತಾ ಹೋಗುವ ವೀಝನೇರ್ ಎಂಬ ಬಗೆ. ಯಾವ ಕ್ರಮದಲ್ಲಿ ಬದಲಾಗಬೇಕು ಅನ್ನುವುದನ್ನು ಹೇಳುವ ಕೀಲಿಪದ "ಯುನೈಟೆಡ್ ಸ್ಟೇಟ್ಸ್". ಒಳಗಿದ್ದದ್ದೇನು? ಸಂಪಾದಕರೇ, ನಿಮ್ಮ ಪತ್ರಿಕೆ ಮೂರು ದಿನ ಮೊದಲೇ ಹೊರಬಂದಿದೆ ಅಂತ ಅದರ ಮೇಲಿನ ತಾರೀಕು ಹೇಳುತ್ತದೆ, ಆದರೂ ನಮ್ಮೂರಿಗೆ ಶನಿವಾರದ ಪತ್ರಿಕೆಗಳ ಜೊತೆಗೇ ಬರುತ್ತದೆ, ತಪ್ಪು ನಿಮ್ಮದೋ ಅಂಚೆಯವರದೋ ಎಂಬ ದೂರು! ಪತ್ರಿಕೆ ತಡ ಆಯಿತು ಅನ್ನುವ ತಕರಾರು ಉತ್ತರವಿಲ್ಲದೆ 130 ವರ್ಷ ಬಿದ್ದಿತ್ತು. ಎಷ್ಟು ಸಲ ನೆನೆದರೂ ನಗು ಬರುತ್ತದೆ.

ಪೋಗೆ ಅದನ್ನು ಬಿಡಿಸಲು ಆಗದಿದ್ದದ್ದು ಸಹಜ. ಅವನಿಗೆ ಗೊತ್ತಿದ್ದದ್ದು ಎಣಿಕೆಯ ವಿದ್ಯೆ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅವನ ಕಥೆಯಿಂದಲೇ ನೋಡಬಹುದು.

ಮೇಕೆಮರಿಯ ಚಿತ್ರ

1843ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಡಾಲರ್ ನ್ಯೂಸ್‌ಪೇಪರ್ ನಡೆಸಿದ ಸ್ಪರ್ಧೆಯಲ್ಲಿ ಪೋನ "ದ ಗೋಲ್ಡ್ ಬಗ್" ಕಥೆಗೆ 100 ಡಾಲರ್ ಬಹುಮಾನ ಬಂತು. ಮೊದಲು ಅದನ್ನು ಗ್ರಹಾಮ್ಸ್ ಪತ್ರಿಕೆಯ ಒಡೆಯ ಗ್ರಹಾಂಗೆ 52 ಡಾಲರ್‌ಗೆ ಮಾರಿದ್ದ. ಬಹುಮಾನದ ಸುದ್ದಿ ತಿಳಿದು ವಾಪಸ್ ಇಸಿದುಕೊಂಡಿದ್ದ. ಕಥೆ ನಡೆಯುವುದು ದಕ್ಷಿಣ ಕೆರೊಲಿನಾದ ಸಲಿವನ್ಸ್ ದ್ವೀಪದಲ್ಲಿ. ಸುಳ್ಳು ಹೆಸರಿನಲ್ಲಿ ಸೈನ್ಯ ಸೇರಿದ್ದಾಗ ಪೋ ಅಲ್ಲಿನ ಕೋಟೆಯಲ್ಲಿ ಸುಮಾರು ಒಂದು ವರ್ಷ ಇದ್ದವನು. ಸ್ಥಳ ಚೆನ್ನಾಗಿ ಗೊತ್ತು.

ಕಥೆಯ ಲೆಗ್ರಾಂಡ್‌ಗೆ ಕಡಲ ತೀರದಲ್ಲಿ ಒಂದು ಚರ್ಮದ ಹಾಳೆ ಸಿಗುತ್ತದೆ. ಬೆಂಕಿಯ ಶಾಖಕ್ಕೆ ಹಿಡಿದರೆ ಒಂದು ಕಡೆ ತಲೆಬುರುಡೆ ಮೂಡುತ್ತದೆ. ಅದಕ್ಕೆ ಓರೆಯಾಗಿ ಎದುರು ಮೂಲೆಯಲ್ಲಿ, ನಾವು ಸಹಿ ಹಾಕುವ ಜಾಗದಲ್ಲಿ, ಒಂದು ಮೇಕೆಮರಿ. ಇಂಗ್ಲಿಷಿನಲ್ಲಿ ಮೇಕೆಮರಿಗೆ "ಕಿಡ್". 1701ರಲ್ಲಿ ಲಂಡನ್ನಿನಲ್ಲಿ ನೇಣಿಗೆ ಹೋದ ಕಡಲ್ಗಳ್ಳನ ಹೆಸರು ಕ್ಯಾಪ್ಟನ್ ಕಿಡ್. ಆ ಚಿತ್ರವೇ ಅವನ ಸಹಿ.

ಪೋ ಇಲ್ಲಿ ಬಹಳ ಚುರುಕಾದ ಒಂದು ಹೆಜ್ಜೆ ಇಡುತ್ತಾನೆ. ಗುಪ್ತಲಿಪಿ ಬಿಡಿಸುವವನ ಮೊದಲ ಪ್ರಶ್ನೆ ಇದು ಯಾವ ಭಾಷೆಯದು ಅನ್ನುವುದು. ಆ ಕಡಲಿನ ಕಳ್ಳರು ಸ್ಪ್ಯಾನಿಷ್, ಫ್ರೆಂಚ್ ಯಾವುದರಲ್ಲಿ ಬೇಕಾದರೂ ಬರೆದಿರಬಹುದು. ಲೆಗ್ರಾಂಡ್ ಹೇಳುತ್ತಾನೆ: ಕಿಡ್ ಮೇಲಿನ ಈ ಪನ್ ಇಂಗ್ಲಿಷ್ ಬಿಟ್ಟು ಬೇರೆ ಯಾವ ಭಾಷೆಯಲ್ಲೂ ನಡೆಯುವುದಿಲ್ಲ. ಹಾಗಾಗಿ ಬರಹ ಇಂಗ್ಲಿಷಿನದೇ. ಅಂದರೆ ಬೇರೆ ಭಾಷೆಗೆ ಹೋಗಲಾರದ ಆ ಗುಣವೇ ಇಲ್ಲಿ ಸಾಕ್ಷಿಯಾಯಿತು. ನಮಗೂ ಇದು ಹೊಸದಲ್ಲ. "ಹತ್ತು ಮರ ಹತ್ತು" ಎಂದು ಯಾರಾದರೂ ನಕ್ಕರೆ ಅವರಿಗೆ ಕನ್ನಡ ಗೊತ್ತು ಅಂತಲೇ ಅರ್ಥ. ಬೇರೆ ಪುರಾವೆ ಕೇಳಬೇಕಿಲ್ಲ.

ಆಮೇಲೆ ಎಣಿಕೆ. ಲೆಗ್ರಾಂಡ್ ಲೆಕ್ಕ ಹಾಕಿದರೆ 8 ಎಂಬ ಗುರುತು 33 ಸಲ ಬಂದಿದೆ, ಎಲ್ಲಕ್ಕಿಂತ ಜಾಸ್ತಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಅಕ್ಷರ "ಇ". ಹಾಗಾದರೆ 8 ಅಂದರೆ ಇ. ಭಾಷೆಯಲ್ಲಿ ಎಲ್ಲೆಲ್ಲೂ ಬರುವ ಪದ "ದ". ಅದು ಟಿ, ಎಚ್, ಇ ಎಂಬ ಮೂರಕ್ಷರ, ಇ ಕೊನೆಗೆ. 8ರಲ್ಲಿ ಮುಗಿಯುವ ಒಂದೇ ಮೂರರ ಗುಂಪು ಏಳು ಸಲ ಬಂದಿದೆ. ಅಲ್ಲಿಗೆ ಇನ್ನೆರಡು ಅಕ್ಷರ ಕೈಗೆ ಸಿಕ್ಕವು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು.

ಒಂದು ತಮಾಷೆ. ಯಾವ ಅಕ್ಷರ ಎಷ್ಟು ಬರುತ್ತದೆ ಅಂತ ಕಥೆಯಲ್ಲಿ ಪೋ ಕೊಡುವ ಪಟ್ಟಿಯೇ ತಪ್ಪು. ನಿಜವಾಗಿ ಎರಡನೇ ಸ್ಥಾನ "ಟಿ" ಅಕ್ಷರದ್ದು. ಪೋನ ಪಟ್ಟಿಯಲ್ಲಿ ಅದು ಹತ್ತನೆಯದು! ಆದರೂ ಅವನದೇ ಗುಪ್ತಲಿಪಿಯಲ್ಲಿ ಟಿ ಎಂದು ಹೊರಬೀಳುವ ಗುರುತು 26 ಸಲ ಬಂದು ಎರಡನೇ ಸ್ಥಾನದಲ್ಲಿ ಕೂತಿದೆ. ಪಟ್ಟಿ ತಪ್ಪಿದರೂ ಭಾಷೆ ತಪ್ಪಲಿಲ್ಲ. ಲೆಗ್ರಾಂಡ್ ಪಟ್ಟಿಯನ್ನು ನೆಚ್ಚಿಕೊಳ್ಳದೆ "ದ" ಪದವನ್ನು ಹಿಡಿದದ್ದರಿಂದ ಬಚಾವಾದ.

ಇದೇ ಕಥೆಯನ್ನು ಹುಡುಗನಾಗಿದ್ದಾಗ ಓದಿ ಗುಪ್ತಲಿಪಿಯ ಹುಚ್ಚು ಹಿಡಿಸಿಕೊಂಡವರಲ್ಲಿ ವಿಲಿಯಂ ಫ್ರೀಡ್ಮನ್ ಒಬ್ಬ. ಮುಂದೆ 1940ರಲ್ಲಿ ಜಪಾನಿನ "ಪರ್ಪಲ್" ಗುಪ್ತಲಿಪಿಯನ್ನು ಭೇದಿಸಿದ ಅಮೆರಿಕನ್ ಸೈನ್ಯದ ತಂಡಕ್ಕೆ ಅವನೇ ಮುಖ್ಯಸ್ಥ. ಪೋನ ಗುಪ್ತಲಿಪಿ ವಿದ್ಯೆಯ ಬಗ್ಗೆ 1936ರಲ್ಲಿ ಅವನೇ ಒಂದು ಲೇಖನ ಬರೆದ. ಅದರಲ್ಲಿ ಪೋನನ್ನು ಅವನು ನೋಡಿದ್ದು ಕಸುಬುದಾರನಾಗಿ ಅಲ್ಲ, ಹವ್ಯಾಸಿಯಾಗಿ. ಗುರುವಿಗೇ ಮಾರ್ಕ್ಸ್ ಕಡಿಮೆ ಹಾಕಿದ ಶಿಷ್ಯ.

ಟೈಲರ್ ಮಹಾಶಯರ ಕಾಗದ

ಈಗ ಎರಡು ವರ್ಷ ಹಿಂದಕ್ಕೆ, 1841ಕ್ಕೆ. ಜುಲೈ ಲೇಖನದ ನಂತರ ಗ್ರಹಾಮ್ಸ್‌ಗೂ ಗುಪ್ತಲಿಪಿಗಳು ಬರತೊಡಗಿದವು. ಡಾಕ್ಟರ್ ಫ್ರೇಲಿ ಎಂಬವರದು ಬಂತು. ಪೋ ಅದನ್ನು ಬಿಡಿಸಿ, ಓದುಗರಲ್ಲಿ ಯಾರಾದರೂ ಬಿಡಿಸಿದರೆ ಒಂದು ವರ್ಷ ಪತ್ರಿಕೆ ಪುಕ್ಕಟೆ ಎಂದ. ಮಿಸಿಸಿಪ್ಪಿಯ ಪಾಂಟೊಟಾಕ್‌ನ ರಿಚರ್ಡ್ ಬೋಲ್ಟನ್ ಬಿಡಿಸಿಯೇಬಿಟ್ಟ. ಅದರೊಳಗಿದ್ದದ್ದು ಬೇಕೆಂದೇ ಗಂಟಲಿಗೆ ಸಿಕ್ಕಿಕೊಳ್ಳುವಂಥ ಪದಗಳ ಸರಮಾಲೆ. "ಸುತ್ತಾಡುವಾಗ ಒಬ್ಬ ಹಳ್ಳಿಯವನು ಸಿಕ್ಕ, ಈ ಕಟ್ಟಡ ಆಸ್ಪತ್ರೆಯೇನಪ್ಪ ಅಂತ ಕೇಳಿದೆ" ಅನ್ನುವಷ್ಟನ್ನು ಹೇಳಲು ಲ್ಯಾಟಿನ್, ಗ್ರೀಕ್ ಎರಡನ್ನೂ ಅರೆದು ಕುಡಿದವರ ಇಂಗ್ಲಿಷ್. ಗುಪ್ತಲಿಪಿ ಬಿಡಿಸಿದ ಮೇಲೂ ಡಿಕ್ಷನರಿ ಬೇಕು! ಬೀಗದೊಳಗೆ ಇನ್ನೊಂದು ಬೀಗ. ಇದನ್ನು ನೆನಪಿಟ್ಟುಕೊಳ್ಳಿ.

ಡಿಸೆಂಬರ್ ಸಂಚಿಕೆಯಲ್ಲಿ ಪೋ ಡಬ್ಲ್ಯು. ಬಿ. ಟೈಲರ್ ಎಂಬವರ ಕಾಗದ ಅಚ್ಚು ಮಾಡಿದ. ಇವರ ಸಾಮರ್ಥ್ಯದ ಬಗ್ಗೆ ನಮಗೆ ಬಹಳ ಗೌರವ ಎಂದೂ ಬರೆದ. ಕಾಗದ ಸೊಗಸಾಗಿದೆ. ಗುಟ್ಟು ಬರಹದಿಂದ ನನಗಾದ ಉಪಯೋಗ ನನ್ನ ಮನಸ್ಸಿನ ಚರಿತ್ರೆಯನ್ನು ಬರೆದಿಟ್ಟುಕೊಂಡದ್ದು ಅನ್ನುತ್ತಾರೆ ಟೈಲರ್. ಬೇಕೆನಿಸಿದಾಗ ತೆರೆದು ಹಳೆಯ ಸುಖಗಳನ್ನು ಮತ್ತೆ ಬದುಕಬಹುದು, ಆ ಮಾಯದ ಸುರುಳಿ ನನ್ನೊಬ್ಬನ ಕಣ್ಣಿಗೆ ಮಾತ್ರ ಕಥೆ ಹೇಳುತ್ತದೆ ಅನ್ನುವ ನೆಮ್ಮದಿ. ಅಂಥ ಒಬ್ಬ ಆಪ್ತ ಗೆಳೆಯ ಯಾರಿಗೆ ಬೇಡ ಎಂದು ಕೇಳುತ್ತಾರೆ. ಕಾಗದದ ಜೊತೆ ಎರಡು ಗುಪ್ತಲಿಪಿಗಳು. ಪೋ ಎರಡನ್ನೂ ಬಿಡಿಸಿ ತೋರಿಸಲಿಲ್ಲ. ಓದುಗರ ಮುಂದಿಟ್ಟು ಸುಮ್ಮನಾದ. ಮುಂದಿನ ವರ್ಷ ಅವನು ಗ್ರಹಾಮ್ಸ್ ಬಿಟ್ಟ. 1849ರಲ್ಲಿ ತೀರಿಕೊಂಡ.

ಅಲ್ಲಿಗೆ ಎರಡೂ ಮರೆತುಹೋದವು.

ಮತ್ತೆ ಸುದ್ದಿ ಎದ್ದದ್ದು 1980ರ ದಶಕದಲ್ಲಿ. ಟೈಲರ್ ಎಂಬವನು ಇರಲೇ ಇಲ್ಲ, ಅದು ಪೋನೇ ಹಾಕಿದ ವೇಷ ಇರಬಹುದು ಎಂದು 1985ರಲ್ಲಿ ಲೂಯಿ ರೆಂಝಾ ಎಂಬ ವಿಮರ್ಶಕ ಸೂಚಿಸಿದ. ಶಾನ್ ರೋಸೆನ್‌ಹೈಮ್ ಎಂಬ ಇನ್ನೊಬ್ಬ ವಿದ್ವಾಂಸ ಅದನ್ನು ಬೆಳೆಸಿದ. ವಾದದಲ್ಲಿ ತೂಕ ಇತ್ತು. ಬೇರೆ ಹೆಸರಿನಲ್ಲಿ ಬರೆಯುವುದು, ಓದುಗರಿಗೆ ಟೋಪಿ ಹಾಕುವುದು ಪೋಗೆ ಹೊಸದಲ್ಲ. ಟೈಲರ್ ಕಾಗದ ಪೋನನ್ನು ಹೊಗಳುತ್ತದೆ, ಅದೂ ಅನುಮಾನಕ್ಕೆ ಜಾಗ. ಇನ್ನು ಆ ಹೆಸರು. 1841ರ ಏಪ್ರಿಲ್‌ನಿಂದ ಅಮೆರಿಕದ ಅಧ್ಯಕ್ಷನಾಗಿದ್ದವನು ಜಾನ್ ಟೈಲರ್. ಅವನ ಸರ್ಕಾರದಲ್ಲಿ ಒಂದು ಕೆಲಸ ಗಿಟ್ಟಿಸಲು ಪೋ ಆಗಲೇ ಸ್ನೇಹಿತರ ಮೂಲಕ ಓಡಾಡುತ್ತಿದ್ದ.

ಈ ಅನುಮಾನದಿಂದ ಗುಪ್ತಲಿಪಿಯ ಬೆಲೆ ಒಮ್ಮೆಗೇ ಏರಿತು. ಒಳಗಿರುವುದು ಯಾರೋ ಓದುಗನ ಗೀಚಾಟ ಅಲ್ಲದೆ ಪೋ ಬರೆದು ಯಾರೂ ಓದದೆ ಉಳಿದ ಬರಹ ಆಗಿದ್ದರೆ? ಸತ್ತವನು ಮಾತಾಡುವ ಕಥೆ ಬರೆದವನು ತಾನೇ ಹಾಗೆ ಮಾತಾಡಲು ಏರ್ಪಾಡು ಮಾಡಿದ್ದರೆ?

ಮೊದಲ ಬೀಗ

ಮೊದಲನೆಯದನ್ನು 1992ರಲ್ಲಿ ಸಾಹಿತ್ಯ ವಿದ್ವಾಂಸ ಟೆರೆನ್ಸ್ ವೇಲನ್ ಬಿಡಿಸಿದ. ಅದು ಲೆಗ್ರಾಂಡ್ ಬಿಡಿಸಿದಂಥದ್ದೇ, ಒಂದು ಅಕ್ಷರಕ್ಕೆ ಒಂದೇ ಗುರುತು. 150 ವರ್ಷ ಹಾಗೇ ಉಳಿದದ್ದು ಕಷ್ಟ ಅಂತಲ್ಲ, ಯಾರೂ ಗಂಭೀರವಾಗಿ ಕೂರಲಿಲ್ಲ ಅಂತ ಕಾಣುತ್ತದೆ.

ಒಳಗಿದ್ದದ್ದು ಜೋಸೆಫ್ ಅಡಿಸನ್‌ನ 1713ರ ನಾಟಕ "ಕೇಟೋ"ದ ಕೊನೆಯ ಅಂಕದ ಸಾಲುಗಳು. ಕತ್ತಿ ಹಿರಿದು ನಿಂತರೂ ಆತ್ಮ ನಗುತ್ತದೆ, ನಕ್ಷತ್ರಗಳು ಮಾಸಿಹೋಗುತ್ತವೆ, ಸೂರ್ಯನಿಗೂ ಮುಪ್ಪು ಬರುತ್ತದೆ, ಲೋಕಗಳು ಪುಡಿಯಾದರೂ ನೀನು ಮಾತ್ರ ಚಿರಯೌವನದಲ್ಲಿ ಉಳಿಯುತ್ತೀಯ ಎಂಬ ಭಾವ. ನೋಡಿ, ಪೋನೇ ಬರೆದಿಟ್ಟದ್ದು ಅನ್ನುವವರಿಗೆ ಹಬ್ಬ ಆಯಿತು. ಸಾವನ್ನು ಗೆದ್ದು ಉಳಿಯುವ ಮಾತು, ಅದೂ ಗುಪ್ತಲಿಪಿಯ ಗೋರಿಯಲ್ಲಿ! ನನಗೇನೋ ಇದು ಅಷ್ಟು ದೊಡ್ಡ ಸಾಕ್ಷಿ ಅನ್ನಿಸುವುದಿಲ್ಲ. "ಕೇಟೋ" ಆ ಕಾಲದ ಅಮೆರಿಕದಲ್ಲಿ ಓದಿದವರಿಗೆಲ್ಲ ಗೊತ್ತಿದ್ದ ನಾಟಕ. ಯಾವ ಟೈಲರ್ ಬೇಕಾದರೂ ಬರೆಯಬಹುದಿತ್ತು.

ಎರಡನೇ ಬೀಗ

ಎರಡನೆಯದು ಬೇರೆ ಜಾತಿ. ಪುಟ ನೋಡಿದರೆ ತಲೆ ತಿರುಗುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ತಲೆಕೆಳಗಾದ ಅಕ್ಷರ ಎಲ್ಲ ಒಟ್ಟಿಗೆ. ವಿಲಿಯಮ್ಸ್ ಕಾಲೇಜಿನ ಬೆಂಬಲದಿಂದ ರೋಸೆನ್‌ಹೈಮ್ 1996ರಲ್ಲಿ 2,500 ಡಾಲರ್ ಬಹುಮಾನ ಇಟ್ಟ. ಇಂಟರ್ನೆಟ್‌ನಲ್ಲಿ ಪ್ರಚಾರ ಆಯಿತು. ಬಿಡಿಸಿದ್ದು ಟೊರಾಂಟೊದಲ್ಲಿದ್ದ ಗಿಲ್ ಬ್ರೋಝಾ ಎಂಬ ಸಾಫ್ಟ್‌ವೇರ್ ಎಂಜಿನಿಯರ್, 2000ದಲ್ಲಿ. ಸಾಹಿತ್ಯದ ಪ್ರೊಫೆಸರ್ ಅಲ್ಲ, ಗೂಢಚಾರ ಸಂಸ್ಥೆಯವನೂ ಅಲ್ಲ.

ಇದು ಯಾಕೆ ಕಷ್ಟ? ಎಣಿಕೆಯ ವಿದ್ಯೆಯ ಹೊಟ್ಟೆಗೇ ಹೊಡೆಯುವಂಥ ಉಪಾಯ ಇಲ್ಲಿದೆ. ಒಂದು ಅಕ್ಷರಕ್ಕೆ ಒಂದೇ ಗುರುತು ಇದ್ದರೆ "ಇ" ಸಿಕ್ಕಿಬೀಳುತ್ತದೆ, ಅದು ಎಲ್ಲರಿಗಿಂತ ಜಾಸ್ತಿ ಸಲ ಮುಖ ತೋರಿಸುತ್ತದೆ. ಅದೇ "ಇ"ಗೆ ಹಲವು ಗುರುತು ಕೊಟ್ಟು, ಒಮ್ಮೆ ಇದು ಒಮ್ಮೆ ಅದು ಅಂತ ಬಳಸಿದರೆ? ಎಣಿಸಿದಾಗ ಪ್ರತಿ ಗುರುತೂ ಸಾಧಾರಣವಾಗಿ ಕಾಣುತ್ತದೆ. ಜಾತ್ರೆಯಲ್ಲಿ ಒಬ್ಬನೇ ಹತ್ತು ವೇಷ ಹಾಕಿ ತಿರುಗಿದ ಹಾಗೆ. (ಕನ್ನಡದಲ್ಲಾದರೆ ಎಣಿಸುವ ಮೊದಲೇ ಜಗಳ ಶುರುವಾಗುತ್ತದೆ. "ಕ್ಕೆ" ಅನ್ನುವುದು ಒಂದೋ, ಎರಡೋ, ಮೂರೋ? ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ "ಕ" ಭಾಷೆ ಇದರ ಮುಂದೆ ಬಹಳ ಸಾಧು. ಅಕ್ಷರಕ್ಕೊಂದು "ಕ" ಸೇರಿಸಿದರೆ ಅಮ್ಮನಿಗೆ ತಿಳಿಯುವುದಿಲ್ಲ ಅಂದುಕೊಂಡಿದ್ದೆವು. ಅಮ್ಮನೂ ಚಿಕ್ಕಂದಿನಲ್ಲಿ ಅದನ್ನೇ ಆಡಿದವಳು ಅಂತ ಯಾರಿಗೆ ಗೊತ್ತಿತ್ತು.)

ಸಾಲದ್ದಕ್ಕೆ ತಪ್ಪುಗಳು. ಈ ಗುಪ್ತಲಿಪಿಯ ಅಚ್ಚಿನಲ್ಲಿ ಎರಡು ಡಜನ್‌ಗೂ ಮೀರಿ ತಪ್ಪುಗಳಿವೆ. ಬರೆದವನದೋ, ಅಚ್ಚುಮೊಳೆ ಜೋಡಿಸಿದವನದೋ, ಇಬ್ಬರದೂ ಇರಬಹುದು. ಇಂಗ್ಲಿಷಿನ "ಎನ್" ಸಣ್ಣಕ್ಷರವನ್ನು ತಲೆಕೆಳಗು ಮಾಡಿದರೆ "ಯು" ಹಾಗೆ ಕಾಣುತ್ತದೆ. ಅರ್ಥವಿಲ್ಲದ ಪುಟವನ್ನು ಮೊಳೆ ಮೊಳೆಯಾಗಿ ಜೋಡಿಸುವ ಬಡಪಾಯಿಗೆ ಯಾವುದು ತಲೆಕೆಳಗು, ಯಾವುದು ಸರಿ ಅಂತ ಹೇಗೆ ತಿಳಿಯಬೇಕು? ಮಾಮೂಲಿ ಬರಹದಲ್ಲಿ ತಪ್ಪಾದರೆ ಅರ್ಥವೇ ಕೈ ಹಿಡಿದು ತಿದ್ದುತ್ತದೆ. ಇಲ್ಲಿ ಆ ಆಸರೆ ಇಲ್ಲ. ಬ್ರೋಝಾ ಕಂಪ್ಯೂಟರನ್ನೂ ಊಹೆಯನ್ನೂ ಜೊತೆಗಿಟ್ಟುಕೊಂಡು, ತಪ್ಪುಗಳನ್ನು ತಪ್ಪುಗಳೆಂದು ಗುರುತಿಸುತ್ತಾ ದಾರಿ ಮಾಡಿಕೊಂಡ.

ಹೊರಬಂದದ್ದು ನೂರೈವತ್ತು ಪದಗಳ ಆಸುಪಾಸಿನ ಒಂದು ಗದ್ಯ. ವಸಂತದ ಆರಂಭ. ಸೆಕೆಯ ಮಧ್ಯಾಹ್ನ. ಗುಲಾಬಿ ಮತ್ತಿತರ ಹೂಗಳ ಪರಿಮಳ ಹೊತ್ತು ಮೆಲ್ಲಗೆ ಬೀಸುವ ಗಾಳಿ. ತೆರೆದ ಕಿಟಕಿ, ಪ್ರೇಮಿಗಳು. ಕೆಂಪೇರಿದ ಅವಳ ಮುಖ, ಭೂಮಿಯ ಮೇಲಿನದು ಅನ್ನುವುದಕ್ಕಿಂತ ಕನಸಿನಲ್ಲಿ ಕಂಡದ್ದು ಅನ್ನುವಂಥ ಚೆಲುವು. ಗುಂಗುರು ಕೂದಲಿನ ಜೊತೆ ಗಾಳಿಯ ಚೆಲ್ಲಾಟ. ಆಮೇಲೆ ಬಿಸಿಲು, ಪರದೆ, ಚಾರ್ಲ್ಸ್, ಮತ್ತು ನಾನು ಮೊದಲೇ ಹೇಳಿಬಿಟ್ಟ ಆ ಸಾಲು.

ನಿರಾಸೆಯ ಲೆಕ್ಕ

ಪೋನ ದನಿ ಕಾಯುತ್ತಿದ್ದವರಿಗೆ ಇದು ಸಪ್ಪೆ. ಈ ಗದ್ಯ ಪೋನದಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೆಕೆ, ಹೂವು, ತಂಗಾಳಿ ಅಂತ ಸಕ್ಕರೆ ಸುರಿದಿರುವ ಈ ಶೈಲಿಯನ್ನು ವಿಮರ್ಶಕ ಪೋ ಬೇರೆಯವರ ಪುಸ್ತಕದಲ್ಲಿ ಕಂಡಿದ್ದರೆ ಸಿಗಿದು ತೋರಣ ಕಟ್ಟುತ್ತಿದ್ದ. ಅಣಕಕ್ಕೆ ಬರೆದಿರಬಹುದಲ್ಲ ಅಂದರೆ, ಅವನ ಅಣಕಗಳಲ್ಲಿ ಇರುವ ಕುಟುಕು ಇಲ್ಲಿ ಇಲ್ಲ. ಇನ್ನೊಂದು ಕಾರಣವೂ ಇದೆ. ಇಂಥ ಹಲವು ವೇಷದ ಲಿಪಿಯನ್ನು ಕಟ್ಟಬಲ್ಲವನಾಗಿದ್ದರೆ ಪೋ ಅದರ ಬಗ್ಗೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದನೇ? ಜಂಬ ಕೊಚ್ಚಿಕೊಳ್ಳದ ಪೋನನ್ನು ಕಲ್ಪಿಸಿಕೊಳ್ಳುವುದು ನನ್ನಿಂದ ಆಗದು.

ಆದರೆ ಬೇಸರಪಟ್ಟವರು ಆ ಕೊನೆಯ ಸಾಲನ್ನು ಸರಿಯಾಗಿ ಕೇಳಿಸಿಕೊಂಡರೇ ಅಂತ ನನ್ನ ಅನುಮಾನ. ಬ್ರೋಝಾ ಬಿಡಿಸಿದ ಬಗೆಯ ಗುಪ್ತಲಿಪಿಗೆ ತಂತ್ರಜ್ಞರು ಇಟ್ಟಿರುವ ಹೆಸರು "ಹೋಮೋಫೋನಿಕ್", ಅಂದರೆ ಒಂದೇ ದನಿಯದು. ಹಲವು ಗುರುತುಗಳ ಹಿಂದೆ ಒಂದೇ ಅಕ್ಷರ. ಪನ್ ಕೂಡ ಹೋಮೋಫೋನಿಕ್ಕೇ, ಆದರೆ ತಿರುವುಮುರುವು. ಒಂದೇ ದನಿಯ ಹಿಂದೆ ಎರಡು ಪದ. ಲಿಪಿಯಲ್ಲಿ ಒಂದು ವಸ್ತು ಹಲವಾಗಿ ಚದುರಿ ಅಡಗಿದರೆ, ಪನ್‌ನಲ್ಲಿ ಎರಡು ವಸ್ತು ಒಂದಾಗಿ ಅಂಟಿ ಅಡಗುತ್ತವೆ. ಟೈಲರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟ. ಬೇಕೆಂದೇ ಇಟ್ಟನೋ ತಾನಾಗಿ ಆಯಿತೋ, ಜೋಡಿ ಮಾತ್ರ ಚೆನ್ನಾಗಿ ಕೂತಿದೆ.

ಇನ್ನೂ ಒಂದು. ಕಂಪ್ಯೂಟರ್ ಅಕ್ಷರಗಳನ್ನು ಹೊರತೆಗೆಯುತ್ತದೆ. ಬಿಸಿಲಿನ "ಸನ್" ಸ್ಪೆಲಿಂಗು, ಗಾಳಿಯ "ಏರ್" ಸ್ಪೆಲಿಂಗು ಸರಿಯಾಗಿ ಬಂತು ಅಂದರೆ ಅದರ ಕೆಲಸ ಮುಗಿಯಿತು. ಮಗನೂ ವಾರಸುದಾರನೂ ಆ ಅಕ್ಷರಗಳಲ್ಲಿ ಎಲ್ಲೂ ಇಲ್ಲ. ಅವರಿಬ್ಬರೂ ಬರುವುದು ಯಾರಾದರೂ ಸಾಲನ್ನು ಬಾಯಿಬಿಟ್ಟು ಓದಿದಾಗ. ಕಣ್ಣಿಗೆ ಹಾಕಿದ ಬೀಗ ತೆಗೆದ ಮೇಲೂ ಕಿವಿಗೆ ಹಾಕಿದ ಬೀಗ ಉಳಿದಿತ್ತು. ಫ್ರೇಲಿಯವರ ಡಿಕ್ಷನರಿ ಬೀಗದ ಹಾಗೇ, ಆದರೆ ಅದಕ್ಕಿಂತ ನಾಜೂಕು.

ಎರಡು ವರ್ಷ ಬಿಟ್ಟು ಬಂದ ಪೋನ ಕಥೆಯಲ್ಲಿ ಇದೇ ದಾರಿ ಉಲ್ಟಾ ಹೋಗುತ್ತದೆ. ಅಲ್ಲಿ ಮೊದಲು ಪನ್ ಬಿಡಿಸಬೇಕು, ಮೇಕೆಮರಿಯನ್ನು ನೋಡಿ "ಕಿಡ್" ಅನ್ನಬೇಕು. ಆಮೇಲೆ ಲಿಪಿ. ಟೈಲರ್ ಪೆಟ್ಟಿಗೆಯಲ್ಲಿ ಮೊದಲು ಲಿಪಿ, ಕೊನೆಗೆ ಪನ್. ಪೋನ ಕಥೆಯಲ್ಲಿ ಸಿಕ್ಕಿದ್ದು ಒಂದೂವರೆ ಮಿಲಿಯನ್ ಡಾಲರ್ ಬೆಲೆಯ ಚಿನ್ನ, ರತ್ನ. ನಿಜ ಜೀವನದ ಪೆಟ್ಟಿಗೆಗಳಲ್ಲಿ ಸಿಕ್ಕಿದ್ದು ಪತ್ರಿಕೆ ತಡವಾದ ದೂರು, ಉದ್ದುದ್ದ ಪದಗಳ ಕುಚೇಷ್ಟೆ, ಮತ್ತು ಒಂದು ಪೋಲಿ ಪನ್. ನನಗೆ ಎರಡನೇ ರಾಶಿಯೇ ಇಷ್ಟ. 1840ರ ಸುಮಾರಿನ ಅಮೆರಿಕದಲ್ಲಿ ಸಂಜೆ ಹೊತ್ತು ಮೇಣದ ಬತ್ತಿ ಹಚ್ಚಿಕೊಂಡು ಜನ ಕೂತು ಏನು ಬಚ್ಚಿಡುತ್ತಿದ್ದರು ಅನ್ನುವುದು ಅದರಿಂದ ತಿಳಿಯುತ್ತದೆ.

ಬಚ್ಚಿಡುವಂಥದ್ದು ಇದರಲ್ಲಿ ಏನಿತ್ತು ಅನ್ನುವ ಪ್ರಶ್ನೆ ಬರುತ್ತದೆ. ಇಲ್ಲಿಂದ ಮುಂದಿನದು ನನ್ನ ಊಹೆ. ಗ್ರಹಾಮ್ಸ್ ಅನ್ನುವುದು ಮನೆಮನೆಯ ಹೆಂಗಸರು ಓದುವ ಪತ್ರಿಕೆ. ಫ್ಯಾಷನ್ ಚಿತ್ರ, ಹಾಡಿನ ಸ್ವರಲಿಪಿ, ಮರ್ಯಾದಸ್ಥ ಪ್ರೇಮಕಥೆಗಳು. ಮದುವೆಯ ಸುಳಿವೇ ಇಲ್ಲದ ಒಂದು ಜೋಡಿ, ಅದರಲ್ಲೂ ಹುಡುಗಿಯೇ ಬಾಯಿಬಿಟ್ಟು ಮಗು ಬೇಕು ಅನ್ನುವುದು ಆ ಪುಟಗಳಿಗೆ ಸ್ವಲ್ಪ ಖಾರ. ಲಿಪಿಯ ಮುಸುಕು ಇದ್ದದ್ದರಿಂದ ಅದು ಸಂಪಾದಕನ ಮೇಜು ದಾಟಿ, ಮೊಳೆ ಜೋಡಿಸುವವನ ಕೈ ದಾಟಿ, ಸಾವಿರಾರು ಮನೆಗಳ ಹಜಾರದ ಮೇಜಿನ ಮೇಲೆ ಹೋಗಿ ಕೂತಿತು. ಯಾರಿಗೂ ತಿಳಿಯಲಿಲ್ಲ. ನನ್ನೊಬ್ಬನ ಕಣ್ಣಿಗೆ ಮಾತ್ರ ಎಂದು ಕಾಗದದಲ್ಲಿ ಬರೆದಿದ್ದ ಟೈಲರ್‌ನ ಮುಖದ ಮೇಲೆ ಆ ಡಿಸೆಂಬರ್ ತಿಂಗಳಿಡೀ ಎಂಥ ತುಂಟ ನಗು ಇದ್ದಿರಬೇಡ!

ಪೂರ್ತಿ ಬಿಡಿಸಿದ್ದು ಅಂತ ಈಗಲೂ ಅನ್ನುವ ಹಾಗಿಲ್ಲ. ತಪ್ಪು ಮೊಳೆಗಳಿಂದಾಗಿ ಅಲ್ಲಲ್ಲಿ ಒಂದೊಂದು ಪದ ಕೆಟ್ಟಿದೆ. ಗುಲಾಬಿಯ ಪಕ್ಕದಲ್ಲಿ ಒಂದು ಹೂವಿನ ಹೆಸರಿದೆ. ಮೊದಲಕ್ಷರವೇ ಇಲ್ಲ, ನಡುವೆಯೂ ಕಲಸಿಹೋಗಿದೆ. ಉಳಿದದ್ದನ್ನು ಜೋಡಿಸಿ ನೋಡಿದರೆ "ಜೆಸಮಿನ್", ನಮ್ಮ ಮಲ್ಲಿಗೆಯ ಬಳಗದ್ದು, ಇರಬೇಕು ಅನ್ನಿಸುತ್ತದೆ.

ಚಾರ್ಲ್ಸ್ ಏನು ಹೇಳಿದ ಅನ್ನುವುದು ಅದರಲ್ಲಿ ಇಲ್ಲ. ಅವಳ ಮಾತಿಗೇ ಬರಹ ನಿಲ್ಲುತ್ತದೆ. ಪರದೆ ಅರ್ಧ ತೆರೆದೇ ಇದೆ.